ಪೂಜೆಗಿಟ್ಟ ಯುದ್ಧದ ಡೈರಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪ ಏದುಸಿರು ಬಿಡುತ್ತಾ ಅರಸೀಕೆರೆ ಠಾಣೆಗೆ ಬಂದರು. ದೇವರ ಗೂಡಿನಲ್ಲಿಟ್ಟಿದ್ದ ತಾತನ ಡೈರಿ ಕಳುವಾಗಿದೆ ಎಂಬುದು ದೂರು. ತಾತ ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ಪಡೆಯ ಜೊತೆ ಸಿನಾಯ್ ಮರುಭೂಮಿಗೆ ಹೋಗಿದ್ದವರು. ನೀರಿಲ್ಲದೆ ಒದ್ದಾಡುತ್ತಿದ್ದ ತುಕಡಿಗೆ ಬಾವಿ ಹುಡುಕಿಕೊಟ್ಟ ವೀರ ಅವರೇ ಎಂದು ಕಲ್ಲೇಶಪ್ಪ ಸ್ಮಾರಕದ ಕಲ್ಲನ್ನೂ ಕೆತ್ತಿಸಿದ್ದರು. ಗುರುವಾರ ಅದರ ಅನಾವರಣ, ಪಕ್ಕದಲ್ಲೇ ಡೈರಿಯ ಪ್ರದರ್ಶನ. ಊರಿಗೆಲ್ಲ ಆಹ್ವಾನ ಹೋಗಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಮೀನಾಕ್ಷಿ ಕೇಳಿದರು.

"ಬೇಲೂರಿನ ಸಂಪತ್ಕುಮಾರ್ ಮೇಷ್ಟ್ರು. ಬಾವಿ ಹುಡುಕಿದ್ದು ಅವರ ತಾತನಂತೆ. ಪಡೆಯಲ್ಲಿ ಬರೀ ಗುಮಾಸ್ತ ಕಣ್ರೀ ಆ ತಾತ. ಸಾಕ್ಷಿಗೆ ಅಂತ ಮೇಷ್ಟ್ರು ಒಂದು ಕಾಗದ ಬೇರೆ ಇಟ್ಕೊಂಡವ್ರೆ."

ಎಫ್‌ಐಆರ್ ಆಯಿತು. 11.45ಕ್ಕೆ ಮನೆಯಲ್ಲಿ ಪಂಚನಾಮೆ. ಗೂಡಿನ ಬೀಗ ಒಡೆದಿರಲಿಲ್ಲ. ಕಲ್ಲೇಶಪ್ಪನ ತಾಯಿ ಮಹದೇವಮ್ಮ, ಕಾನ್‌ಸ್ಟೆಬಲ್ ಸ್ವಾಮಿ ಬರೆಯುತ್ತಿದ್ದುದನ್ನು ಬಗ್ಗಿ ನೋಡಿ, "ತಾರೀಕು ತಪ್ಪು ಹಾಕಿದ್ದೀಯ ಕಣಪ್ಪ, ಇವತ್ತು ಹದಿನೆಂಟು" ಎಂದರು. ಸ್ವಾಮಿ ಪೆಚ್ಚಾಗಿ ತಿದ್ದಿದ.

ಮಧ್ಯಾಹ್ನ 2.30, ಬೇಲೂರು. ಸಂಪತ್ಕುಮಾರ್ ಸಡಗರದಿಂದಲೇ ಕಾಗದ ಬಿಚ್ಚಿ ತೋರಿಸಿದರು. 'ಬಾವಿಯನ್ನು ಕಂಡವನು ನಾನೇ' ಎಂದು ಅವರ ತಾತ ಬರೆದಿದ್ದರು.

"ಡೈರಿ ಎಲ್ಲಿ?"

"ಹತ್ತು ವರ್ಷದಿಂದ ನಾನೂ ಅದನ್ನೇ ಕೇಳ್ತಿದೀನಿ ಮೇಡಂ. ಎರಡನ್ನೂ ಜೊತೆಗಿಟ್ಟು ಓದೋಣ ಅಂದ್ರೆ ಮುಟ್ಟೋಕೂ ಬಿಡಲಿಲ್ಲ. ಅವರಾದ್ರೂ ಓದಿದಾರಾ, ಕೇಳಿ ನೋಡಿ."

ಹಳೇಬೀಡು ದಾಟುವಾಗ ಮೀನಾಕ್ಷಿ ಫೋನ್ ಮಾಡಿ ಕೇಳಿದರು.

"ಓದೋದಾ?" ಕಲ್ಲೇಶಪ್ಪನಿಗೆ ಆಶ್ಚರ್ಯ. "ವರ್ಷಾ ವರ್ಷಾ ಆಯುಧಪೂಜೆಗೆ ವಿಭೂತಿ ಹಚ್ಚಿ ಹೂವೇರಿಸ್ತೀವಿ. ಪೂಜೆಗಿಟ್ಟಿದ್ದನ್ನ ಯಾರು ಬಿಚ್ತಾರೆ?"

ಆಯಿತಲ್ಲ! ಇಷ್ಟು ವರ್ಷ ಮಂಗಳಾರತಿ ಕಂಡ ಡೈರಿಯನ್ನು ಒಬ್ಬರೂ ಓದಿರಲಿಲ್ಲ.

"ಗೂಡಿನ ಬೀಗದ ಕೈ?"

"ಅವ್ವನ ಹತ್ರ. ಪಾಪ, ಕಣ್ಣು ಮಂಜಾಗಿತ್ತು. ಹೋದ ತಿಂಗಳು ಪೊರೆ ತೆಗೆಸಿದ್ಮೇಲೆ ಬೆಂಕಿಪೊಟ್ಟಣಾನೂ ಬಿಡ್ದಂಗೆ ಓದ್ತಾಳೆ."

ಮೀನಾಕ್ಷಿ ನಗು ತಡೆದುಕೊಂಡರು.

ಸಂಜೆ 5.10, ಮತ್ತೆ ಕಲ್ಲೇಶಪ್ಪನ ಮನೆ. ಒಂದೇ ಪ್ರಶ್ನೆಗೆ ಮಹದೇವಮ್ಮ ಎದ್ದು ಹೋಗಿ ರಾಗಿ ಡಬ್ಬದಿಂದ ಡೈರಿ ತಂದುಕೊಟ್ಟರು. ಕಲ್ಲೇಶಪ್ಪ ಜನ್ಮದಲ್ಲಿ ಮೊದಲ ಸಲ ಅದನ್ನು ಓದಿದರು: 'ದಾರಿ ತಪ್ಪಿ ಎರಡು ದಿನವಾಯಿತು. ಅವ್ವಾ ಎಂದು ಕೂಗಿ ಅತ್ತೆನು. ಬೇಲೂರಿನ ಗುಮಾಸ್ತನು ತನ್ನ ಪಾಲಿನ ನೀರನ್ನು ನನಗೆ ಕುಡಿಸಿದನು. ಕಡೆಗೆ ನನ್ನ ಕುದುರೆ ಗೌರಿಯು ವಾಸನೆ ಹಿಡಿದು ಇಬ್ಬರನ್ನೂ ಬಾವಿಗೆ ಎಳೆದೊಯ್ದಳು.'

ಕಲ್ಲೇಶಪ್ಪ ಆ ಸಾಲುಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ಕಲ್ಲು ಕೆತ್ತುವವನಿಗೆ ಫೋನ್ ಹಚ್ಚಿ, "ಇನ್ನೆರಡು ಹೆಸರಿಗೆ ಜಾಗ ಐತೇನಪ್ಪಾ? ಹೂಂ, ಒಂದು ಕುದುರೇದು" ಎಂದರು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗುವೂ ಇತ್ತು.

ಮಹದೇವಮ್ಮ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. "ನಡೀರಿ, ದಸ್ತಗಿರಿ ಮಾಡ್ಕೊಳ್ಳಿ."

"ಕೂತ್ಕೊಳ್ಳಿ ಅಮ್ಮ. ಬಿ ರಿಪೋರ್ಟ್ ಹಾಕಿ ಕೇಸು ಮುಗಿಸ್ತೀವಿ, ನಿಮ್ಮ ಹೇಳಿಕೆ ಸಾಕು. ಯಾಕೆ ಬಚ್ಚಿಟ್ರಿ?"

"ಗುರುವಾರ ಊರೆಲ್ಲ ಓದಿ ನನ್ನ ಮಗನ್ನ ನೋಡಿ ನಗ್ತಿತ್ತು."

"ಸುಟ್ಟು ಹಾಕಿದ್ರೆ ಯಾರಿಗೂ ಸಿಕ್ತಿರ್ಲಿಲ್ವಲ್ಲ?"

"ನಮ್ಮ ಮಾವನೋರು ಅದ್ರಲ್ಲಿ ಅವ್ವಾ ಅಂತ ಅತ್ತವ್ರೆ ಕಣಮ್ಮ. ಬೆಂಕಿಗೆ ಹೆಂಗೆ ಹಾಕ್ಲಿ?"

ಸ್ವಾಮಿ ಅದನ್ನು ಹಾಗೇ ಬರೆದುಕೊಂಡ.