ಆನೆಗಳು ಇಟ್ಟ ಹೆಸರು

ಕಾಡಂಚಿನ ಕಾವಲುಗೋಪುರದಲ್ಲಿ ಗಜಶ್ರಾವಕ ಗುಂಯ್‌ಗುಟ್ಟತೊಡಗಿತು. ಮನುಷ್ಯನ ಕಿವಿಗೆ ನಿಲುಕದ ಆನೆಗಳ ತಗ್ಗುದನಿಯನ್ನು ಹಿಡಿದು ಕನ್ನಡದ ಪದಗಳಾಗಿ ಪರದೆಯ ಮೇಲೆ ಮೂಡಿಸುವ ಯಂತ್ರ ಅದು. ಆನೆಗಳು ಹೆಸರು ಹಿಡಿದು ಕರೆಯುತ್ತವೆ, ಆ ಹೆಸರುಗಳನ್ನು ತಾಯಾನೆಗಳು ಮರಿಗಳಿಗೆ ಕಲಿಸುತ್ತವೆ ಎಂಬುದನ್ನು ಅದು ಆಗಲೇ ತೋರಿಸಿಕೊಟ್ಟಿತ್ತು.

ಆನೆ ಕಾವಲುಗಾರ ಸಣ್ಣಪ್ಪನಿಗೆ ಒಂದೇ ಕುತೂಹಲ.

“ನಂಗೂ ಹೆಸರಿಟ್ಟವಾ ಮೇಡಂ?”

ವಿಜ್ಞಾನಿ ಶರ್ಮಿಷ್ಠೆ ನಗು ತಡೆದುಕೊಂಡರು. “ಇಟ್ಟಿವೆ. ಸದ್ದು ಮಾಡುವ ಪಾಪದವನು.”

ಪಟಾಕಿ ಸಿಡಿಸಿ, ತಮಟೆ ಬಡಿದು ಹಿಂಡನ್ನೇ ಓಡಿಸುತ್ತೇನೆಂದು ಊರಲ್ಲಿ ಮೀಸೆ ತಿರುವುತ್ತಿದ್ದವನಿಗೆ ಅಂದು ಅನ್ನ ಸೇರಲಿಲ್ಲ. ಯಂತ್ರದ ಪ್ರಕಾರ ಆನೆಗಳು ಹೆದರಿ ಹೋಗುತ್ತಲೇ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೆ, ಪಾಪದವನು ದಣಿದನೆಂದು ಹೊರಡುತ್ತಿದ್ದವು.

“ಈ ಮಿಷನ್ನು ವಾಪಸ್ ಮಾತಾಡ್ತದಲ್ವಾ? ನಾನು ಹುಲಿ ಅಂತ ಹೇಳ್ಬಿಡಿ.”

“ಅಷ್ಟು ವ್ಯಾಕರಣ ಇದಕ್ಕಿನ್ನೂ ಬರಲ್ಲ ಸಣ್ಣಪ್ಪನವರೇ. ಎರಡು ಪದ ಜೋಡಿಸಬಹುದು, ಅಷ್ಟೆ.”

“ಎರಡೇ ಸಾಕು.”

ಭತ್ತ ತೆನೆ ಕಟ್ಟಿತ್ತು. ಹಾಗೇ ಹೇಳಿಸಿ ನೋಡಿ ಎಂದು ಊರಿನವರ ಒತ್ತಾಯವೂ ಇತ್ತು. ಮರುದಿನ ಸಣ್ಣಪ್ಪ ಬದುವಿನ ಮೇಲೆ ಎದೆ ಸೆಟೆಸಿ ನಿಂತ. ಶರ್ಮಿಷ್ಠೆ ಗುಂಡಿ ಒತ್ತಿದರು. ಮೊದಲು ಆನೆಗಳಿಟ್ಟ ಅವನ ಹೆಸರು, ಹಿಂದೆಯೇ ‘ಹುಲಿ’.

 ಮರುಕ್ಷಣ ಕಾಡಿನಿಂದ ಇಡೀ ಹಿಂಡು ಅವನತ್ತಲೇ ನುಗ್ಗಿ ಬಂತು. ಸಣ್ಣಪ್ಪ ತಿರುಗಿ ಓಡುವ ಮೊದಲೇ ಸುತ್ತುವರಿದವು. ಆನೆಗಳು ಅವನನ್ನು ಮರಿಗಳ ಪಕ್ಕಕ್ಕೆ ತಳ್ಳಿ, ಸುತ್ತಲೂ ಹೊರಮುಖವಾಗಿ ಕೋಟೆ ಕಟ್ಟಿದಂತೆ ನಿಂತವು.

“ನಿಮ್ಮ ಮೇಲೆ ಹುಲಿ ಬಿದ್ದಿದೆ ಅಂದ್ಕೊಂಡಿವೆ,” ಶರ್ಮಿಷ್ಠೆ ಗೋಪುರದಿಂದ ಕೂಗಿದರು. “ಕಾಪಾಡೋಕೆ ಬಂದಿವೆ. ಅಲ್ಲಾಡಬೇಡಿ.”

ಒಂದು ಮರಿ ಸೊಂಡಿಲಿನಿಂದ ಅವನ ಮುಖ ತಡವಿತು. ಸಣ್ಣಪ್ಪನಿಗೆ ಯಾಕೋ ಕಣ್ಣು ತುಂಬಿತು.

ಅಂದಿನಿಂದ ಅವನು ಹೋದಲ್ಲಿಗೆ ಹಿಂಡೂ ಹೊರಟಿತು. ಅವನು ಕಾಡಿನತ್ತ ನಡೆದರೆ ಅವೂ ಗದ್ದೆ ಬಿಟ್ಟು ನಡೆದವು. ಊರಿನ ಭತ್ತ ಉಳಿಯಿತು. ಸಣ್ಣಪ್ಪ ಮಾತ್ರ ಗೋಪುರದ ಬುಡದ ಶಿಬಿರದಲ್ಲೇ ಉಳಿಯಬೇಕಾಯಿತು. “ಒಬ್ರೇ ಬರೋದಾದ್ರೆ ಮನೆಗೆ ಬನ್ನಿ” ಎಂದು ಹೇಳಿ ಕಳಿಸಿದ್ದ ಹೆಂಡತಿ ಜವರಮ್ಮ, ಕೊನೆಗೆ ತಾನೇ ಮುದ್ದೆ, ಸಾರು ಹೊತ್ತು ಬಂದಳು. ಬಂದವಳೇ ಗಂಡನನ್ನು ಚೆನ್ನಾಗಿ ಬೈದಳು. ಅವನು ತಲೆ ತಗ್ಗಿಸಿ, ಅವಳು ತೋರಿಸಿದ ಕಡೆ ಕೂತು ಉಂಡ. ಆನೆಗಳು ಕಿವಿ ಅರಳಿಸಿ ಎಲ್ಲವನ್ನೂ ನೋಡಿದವು. ಜವರಮ್ಮ ಎದ್ದಾಗ ಮರಿಗಳನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟವು.

ಯಂತ್ರ ಗುಂಯ್‌ಗುಟ್ಟಿತು.

“ಇವಳಿಗೂ ಹೆಸರಿಟ್ಟವಾ? ಏನಂತೆ?”

ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗಷ್ಟೇ ಸಲ್ಲುತ್ತಿದ್ದ ಪದ ಅದು. ಶರ್ಮಿಷ್ಠೆ ಪರದೆ ಓದಿ ಹೇಳಿದರು:

“ಯಜಮಾನಿ.”