ಉಪ್ಪಾದ ಯುವರಾಜ, ಕಿಂಡಿ ಕಾಣದ ಪರದೆ

ಸಮುದ್ರಕ್ಕೆ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಅದರ ಅಂಚಿನಲ್ಲಿ ಮಣಿಕಡಲು ಎಂಬ ರಾಜ್ಯವಿತ್ತು. ಅಲ್ಲಿನ ಬಾವಿಗಳಲ್ಲೆಲ್ಲ ಉಪ್ಪುನೀರು. ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ತಾನೇ ನೇಯ್ದ ಪರದೆಯೊಂದನ್ನು ಅರಮನೆಗೆ ತಂದ. ಅದರ ಕಿಂಡಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು.

"ಇದೇನು, ಸೊಳ್ಳೆ ಪರದೆಯೇ?" ಎಂದು ಯುವರಾಜ ಕೇತರಸ ನಕ್ಕ.

ಸಿಟ್ಟಿಗೆದ್ದ ಮಾಂತ್ರಿಕ ಕೋಲು ಬೀಸಿದ. ಯುವರಾಜ ಉಪ್ಪಿನ ಹೆಂಟೆಯಾದ. ಅದನ್ನು ಕಲ್ಲಿನ ತೊಟ್ಟಿಯ ಒಂದು ಬದಿಗಿಟ್ಟು, ನಡುವೆ ಪರದೆ ಬಿಗಿದು ಧೂಮಕೇಶ ಹೇಳಿದ: "ಪರದೆ ಹರಿದರೆ ಇವನು ಸತ್ತ. ಹರಿಯದೆ ಈಚೆ ಬದಿಗೆ ಬಂದರೆ ಇವನು ಮನುಷ್ಯ, ನಾನು ಉಪ್ಪು. ಮೂರು ಸಲ ಏನು ಬೇಕಾದರೂ ಸುರಿಯಿರಿ. ಸೂರ್ಯ ಮುಳುಗಿದರೆ ಮುಗಿಯಿತು."

ಯುವರಾಜನ ಅಕ್ಕ ಹೊನ್ನಲೆ ಅಳಲಿಲ್ಲ. ಸೆರಗು ಸಿಕ್ಕಿಸಿ ಮುಂದೆ ಬಂದಳು.

ಮೊದಲು ಎಳ್ಳೆಣ್ಣೆ ಸುರಿಸಿದಳು. ಹೆಂಟೆ ಕರಗಲಿಲ್ಲ, ಕದಲಲಿಲ್ಲ.

"ತಮ್ಮನಿಗೆ ಒಗ್ಗರಣೆ ಹಾಕುತ್ತೀಯೇನಮ್ಮ?" ಎಂದ ಮಾಂತ್ರಿಕ.

"ನಿನಗೇ ಹಾಕುತ್ತೇನೆ, ತಾಳು."

ಎಣ್ಣೆ ಬಸಿಸಿ ನೀರು ಸುರಿಸಿದಳು. ಹೆಂಟೆ ಕರಗಿತು. ಕಣಗಳು ಪರದೆಯತ್ತ ಓಡಿ ಅಲ್ಲೇ ನಿಂತವು. ನೀರೊಳಗಿಂದ ತಮ್ಮನ ದನಿ ಕೇಳಿತು: "ಅಕ್ಕಾ, ನೀರು ನನ್ನ ಕಣಕಣಕ್ಕೂ ಕಂಬಳಿ ಹೊದಿಸಿದೆ. ಇಷ್ಟು ದಪ್ಪಗಾಗಿ ಕಿಂಡಿಯಲ್ಲಿ ತೂರಲಾರೆ!"

ಸೂರ್ಯ ಕಡಲನ್ನು ಮುಟ್ಟಿದ. ಸೇನಾಪತಿ ಕತ್ತಿ ಹಿರಿದ.

"ಪರದೆ ಮುಟ್ಟಬೇಡಿ. ಬದಲಾಗಬೇಕಾದ್ದು ನೀರು," ಎಂದಳು ಹೊನ್ನಲೆ. ಕಂಬಳಿ ಕಿತ್ತುಕೊಳ್ಳುವಷ್ಟು ನೀರಿನಾಸೆ ಯಾವುದಕ್ಕಿದೆ? ಕುಡಿದವನ ಗಂಟಲನ್ನೇ ಒಣಗಿಸುವಂಥದ್ದಕ್ಕೆ!

"ಮಂತ್ರಿಗಳೇ, ನಿಮ್ಮ ಸೊಂಟದ ಸೋರೆಬುರುಡೆ ಕೊಡಿ."

"ಅದು... ಕೆಮ್ಮಿನ ಔಷಧಿ, ತಾಯಿ."

"ನಿಮ್ಮ ಕೆಮ್ಮಿನ ವಾಸನೆ ಅರಮನೆಗೆಲ್ಲ ಗೊತ್ತು. ಕೊಡಿ."

ಒಳಗಿದ್ದದ್ದು ಇಪ್ಪೆ ಹೂವಿನ ಸಾರಾಯಿ. ಅದನ್ನು ನೂಲಿನೆಳೆಯಂತೆ ಸುರಿದಳು. ಸಾರಾಯಿ ನೀರನ್ನು ತನ್ನತ್ತ ಸೆಳೆಯಿತು, ಕಂಬಳಿಗಳು ತೆಳುವಾದವು.

"ಸಾಕಕ್ಕಾ! ಹೆಚ್ಚಾದರೆ ಮತ್ತೆ ಹೆಂಟೆಯಾಗುತ್ತೇನೆ!"

ಅವಳ ಕೈ ತಕ್ಷಣ ನಿಂತಿತು. ಕಣಗಳು ಒಂದೊಂದಾಗಿ ತೂರಿದವು. ಕೊನೆಯದು ದಾಟಿದ್ದೇ ಕೇತರಸ ತೊಟ್ಟಿಯಿಂದೆದ್ದು ಸೀನಿದ. ಧೂಮಕೇಶ ನಿಂತಲ್ಲೇ ಬೆಳ್ಳಗೆ ಹೆಂಟೆಗಟ್ಟಿದ.

"ಈ ಹಾಳು ಪರದೆ ಸುಟ್ಟುಬಿಡೋಣ," ಎಂದ ಕೇತರಸ.

"ನೇಯ್ಗೆ ಚೆನ್ನಾಗಿದೆ. ನೇಯ್ದವನು ಕೆಟ್ಟವನು, ಅಷ್ಟೇ," ಎಂದು ಹೊನ್ನಲೆ ಬಾವಿನೀರನ್ನು ಅದರಲ್ಲಿ ಸೋಸಿಸಿದಳು. ಕಂಬಳಿ ಹೊದ್ದ ಉಪ್ಪು ಆಚೆ ಉಳಿಯಿತು, ಸಿಹಿನೀರು ಈಚೆ ಬಂತು. ಮಣಿಕಡಲಿನ ಜನರೆಲ್ಲ ಅದನ್ನೇ ಕುಡಿದು ಸುಖವಾಗಿ ಬಾಳಿದರು, ಮಂತ್ರಿಗಳೂ ಸೇರಿ.