ಅಪ್ಪಣೆ

ನಾನು ನೌಕಾಪಡೆಯ ತರಬೇತಿ ನೆಲೆಯೊಂದರಲ್ಲಿ ಹೊಸ ಹುಡುಗರಿಗೆ ಈಜು ಕಲಿಸುತ್ತಿದ್ದವನು. ಬ್ರಿಟಿಷರ ಕಾಲದ ಆ ನೆಲೆ ಇರುವುದು ಗಟ್ಟಿ ನೆಲದ ಮೇಲೆ. ಆದರೂ ಮೊದಲಿನಿಂದ ಅದನ್ನು ಹಡಗೆಂದೇ ಕರೆಯುತ್ತಾರೆ. ಒಳಗೆ ಬರಲಿ, ಹೊರಗೆ ಹೋಗಲಿ, ಮೇಲಿನವನು ಅಪ್ಪಣೆ ಕೊಡುವವರೆಗೆ ಹುಡುಗರು ಗೇಟಿನಲ್ಲೇ ನೆಟ್ಟಗೆ ನಿಂತಿರಬೇಕು.

ನನ್ನ ಬಳಿ ಕಲಿಯುತ್ತಿದ್ದ ಕವಲಂದೆಯ ಹುಡುಗ ಮದನ್ ನೆಲೆಯ ಪಕ್ಕದ ಹಿನ್ನೀರಿನಲ್ಲಿ ಮುಳುಗಿದ; ಹೆಣ ಸಿಗಲಿಲ್ಲ. ಅವನ ತಾಯಿ ಪುಟ್ಟಬಸಮ್ಮನವರನ್ನು ಮಾತಾಡಿಸಲು ಊರಿನ ಅವರ ಮನೆಗೆ ಹೋದಾಗ ದೀಪ ಹಚ್ಚುವ ಹೊತ್ತು. ಬಿರುಬೇಸಿಗೆಯಲ್ಲೂ ಬಾಗಿಲ ಕಡೆಯಿಂದ ತಣ್ಣನೆಯ ಗಾಳಿ, ಪಾಚಿಯ ವಾಸನೆ.

“ದಿನಾ ಇದೇ ಒತ್ಗೆ ಬತ್ತಾನೆ ಸಾ. ಬಾ ಮಗ ಅಂದ್ರೆ ಒಳಿಕ್ ಬರಾಕಿಲ್ಲ. ಸಾಯೇಬ್ರು ಅಪ್ಪಣೆ ಕೊಡ್ಲಿ ಅಂತಾನೆ. ಕೊಡಿ ಸಾ.”

ಹೊಸ್ತಿಲಾಚೆ ಯಾರೂ ಇರಲಿಲ್ಲ. ಆ ತಾಯಿಯ ಮುಖ ನೋಡಲಾರದೆ, “ಬಾ ಮದನ್” ಎಂದುಬಿಟ್ಟೆ. ಒಣ ನೆಲದ ಮೇಲೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಾ ಅಡುಗೆಮನೆಯವರೆಗೆ ಹೋದವು.

ನಿನ್ನೆ ಪುಟ್ಟಬಸಮ್ಮ ಫೋನ್ ಮಾಡಿದ್ದರು. ಅವರ ಮಾತಿನ ಹಿಂದೆ ನೀರು ತೊಟ್ಟಿಕ್ಕುತ್ತಿತ್ತು.

“ಆಚಿಗ್ ಓಯ್ತೀನಿ, ಅಪ್ಪಣೆ ಕೊಡ್ಸವ್ವ ಅಂತ ಅಳ್ತಾವ್ನೆ ಸಾ,” ಎಂದರು ದನಿ ತಗ್ಗಿಸಿ. “ನೀವ್ ಮಾತ್ರ ಕೊಡ್ಬ್ಯಾಡಿ.”